ದೇಣಿಗೆ ಎತ್ತಲು ಏಜೆನ್ಸಿ ಇಟ್ಟೆವು, ಲೆಕ್ಕ ಹೀಗೆ ಇಟ್ಟೆವು

ದಾವಣಗೆರೆ ಕಡೆ ಹಳ್ಳಿ ಹೆಣ್ಣುಮಕ್ಕಳಿಗಾಗಿ ಹಾಸ್ಟೆಲ್ ನಡೆಸುವ ಚಿಕ್ಕ ಟ್ರಸ್ಟ್ ನಮ್ಮದು. ಖಜಾಂಚಿ ಕೆಲಸ ನನ್ನದು. ರೇಷನ್ ಖರ್ಚು ಏರುತ್ತಲೇ ಹೋಗಿ ಹಳೆಯ ದಾನಿಗಳ ಹಣ ಸಾಲದಾಯಿತು. 2023ರಲ್ಲಿ ಏಜೆನ್ಸಿಯೊಂದಕ್ಕೆ ದುಡ್ಡು ಕೊಟ್ಟು ದೇಣಿಗೆ ಎತ್ತಿಸಲು ಟ್ರಸ್ಟಿಗಳು ತೀರ್ಮಾನಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಬಿಸಿಲಲ್ಲಿ ಮನೆ ಮನೆ ಸುತ್ತುವವರಿಗೂ ಸಂಬಳ ಬೇಕಲ್ವಾ? ಆದರೆ ಆ ಸಂಬಳ ಎಷ್ಟು ಅನ್ನುವುದು ದೇಣಿಗೆ ಕೊಡುವವರಿಗೆ ಗೊತ್ತಿರಬೇಕು.

ಮೊದಲು ಬಂದ ಏಜೆನ್ಸಿ ಹಣವನ್ನು ತನ್ನ ಖಾತೆಗೇ ಹಾಕಿಸಿಕೊಂಡು, ತನ್ನ ಪಾಲು ಮುರಿದುಕೊಂಡು, ಉಳಿದದ್ದನ್ನು ತಿಂಗಳಿಗೊಮ್ಮೆ ಕಳಿಸುತ್ತೇನೆ ಎಂದಿತು. ನಾನು ಒಪ್ಪಲಿಲ್ಲ. ದಾನಿ ₹1,000 ಕೊಟ್ಟು, ನಮ್ಮ ಕೈಗೆ ₹600 ಬಂದರೆ ರಸೀದಿ ಎಷ್ಟಕ್ಕೆ ಬರೆಯುವುದು? 80ಜಿ, ಅಂದರೆ ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ, ಇರುವ ಟ್ರಸ್ಟ್‌ಗಳು 2021–22ರ ಲೆಕ್ಕದಿಂದ ಆದಾಯ ತೆರಿಗೆ ಇಲಾಖೆಗೆ ಫಾರ್ಮ್ 10ಬಿಡಿ ಸಲ್ಲಿಸಬೇಕಾಗಿ ಬಂತು. ದಾನಿಯ ಹೆಸರು, ಪ್ಯಾನ್ ಅಥವಾ ಆಧಾರ್, ಕೊಟ್ಟ ಮೊತ್ತ, ಎಲ್ಲವೂ ಮೇ 31ರೊಳಗೆ ಹೋಗಬೇಕು. ಅದರ ಮೇಲೆಯೇ ದಾನಿಗೆ, ವಿನಾಯಿತಿ ಕೇಳಲು ಬೇಕಾದ 10ಬಿಇ ಪ್ರಮಾಣಪತ್ರ ಸಿಗುತ್ತದೆ. ಅಲ್ಲಿ ಪೂರ್ತಿ ₹1,000 ತೋರಿಸಿ, ನಮ್ಮ ಪುಸ್ತಕದಲ್ಲಿ ₹600 ಜಮಾ ಮಾಡಿದರೆ ತಾಳೆ ಆಗುವುದೇ ಇಲ್ಲ. ಅದಕ್ಕೇ ಪೂರ್ತಿ ಹಣ ದೇಣಿಗೆಯಾಗಿ ಒಳಗೆ ಬರಲಿ, ಏಜೆನ್ಸಿ ಬಿಲ್ಲು ಖರ್ಚಾಗಿ ಬೇರೆ ಸಾಲಿನಲ್ಲಿ ಕಾಣಲಿ ಎಂದು ಹಟ ಹಿಡಿದೆ.

ಕೊನೆಗೆ ಬೇರೊಂದು ಏಜೆನ್ಸಿ ತಿಂಗಳಿಗೆ ಇಷ್ಟು ಎಂಬ ನಿಗದಿ ಶುಲ್ಕಕ್ಕೆ ಒಪ್ಪಿತು. ಶೇಕಡಾವಾರು ಕಮಿಷನ್ ಬೇಡ ಎಂದೆವು, ಅದಿದ್ದರೆ ಬಾಗಿಲಲ್ಲಿ ಒತ್ತಾಯ ಜಾಸ್ತಿಯಾಗುತ್ತದೆ. ಕ್ಯೂಆರ್ ಕೋಡ್ ಟ್ರಸ್ಟ್ ಖಾತೆಯದ್ದೇ. ರಸೀದಿ ಪುಸ್ತಕಗಳಿಗೆ ನಾವೇ ನಂಬರ್ ಹಾಕಿ, ಸಹಿ ಮಾಡಿಸಿಕೊಂಡು ಕೊಟ್ಟೆವು. ₹2,000 ಮೀರಿದ ನಗದಿಗೆ 80ಜಿ ವಿನಾಯಿತಿ ಇಲ್ಲ, ಹಾಗಾಗಿ ಅಷ್ಟು ನಗದು ಮುಟ್ಟಲೇಬಾರದು ಎಂದು ಒಪ್ಪಂದದಲ್ಲೇ ಬರೆಸಿದೆವು. ಒಂದು ಮಾತು ಮುಂಚೆಯೇ ಬಜೆಟ್‌ನಲ್ಲಿ ಇಟ್ಟುಕೊಳ್ಳಿ. ಏಜೆನ್ಸಿ ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದ ನಮ್ಮಂಥ ಟ್ರಸ್ಟ್‌ಗೆ ಅದು ವಾಪಸ್ ಬರುವುದಿಲ್ಲ.

ಬಾಗಿಲಲ್ಲಿ ಏನು ಹೇಳಬೇಕು ಎನ್ನುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ‘ಕೊಟ್ಟಷ್ಟೂ ಟ್ಯಾಕ್ಸ್ ಉಳಿಯುತ್ತೆ’ ಅನ್ನುವುದು ಹುಡುಗರ ಬಾಯಲ್ಲಿ ಸಲೀಸಾಗಿ ಬರುವ ಮಾತು. ಅದು ನಿಜವಲ್ಲ. ನಮ್ಮಂಥ ಟ್ರಸ್ಟ್‌ಗೆ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಆದಾಯದಿಂದ ಕಳೆಯಬಹುದು, ಅದಕ್ಕೂ ಮಿತಿ ಇದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದೂ ಇಲ್ಲ. ಆ ಮಾತನ್ನು ತೆಗೆಸಿದೆವು. ‘ನಾನು ಸಂಬಳಕ್ಕೆ ಕೆಲಸ ಮಾಡುವವಳು, ನನ್ನ ಏಜೆನ್ಸಿಗೆ ಟ್ರಸ್ಟ್ ತಿಂಗಳಿಗೆ ಇಷ್ಟು ಕೊಡುತ್ತದೆ’ ಎಂದು ಮೊದಲೇ ಹೇಳುವುದನ್ನು ಸೇರಿಸಿದೆವು. ಹಾಗೆ ಹೇಳಿದರೆ ಯಾರೂ ಕೊಡಲ್ಲ ಎಂದು ಏಜೆನ್ಸಿಯವರು ಅಂಜಿದರು. ಎಪಿಎಂಸಿ ಹತ್ತಿರದ ಅಂಗಡಿಯ ಹಿರಿಯರೊಬ್ಬರು, ‘ಈ ಐನೂರರಲ್ಲಿ ನಿಮಗೆಷ್ಟಮ್ಮಾ?’ ಎಂದು ಕೇಳಿದರು. ಹುಡುಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕೊಟ್ಟರು, ಮುಂದಿನ ವರ್ಷವೂ ಕೊಟ್ಟರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಹೇಳಿಕೆ 1992ರ ಚಾರಿಟೀಸ್ ಕಾಯ್ದೆಯಿಂದಲೇ ಕಡ್ಡಾಯ. ನಮ್ಮ ಆದಾಯ ತೆರಿಗೆ ಕಾನೂನು ಟ್ರಸ್ಟ್‌ನಿಂದ ಲೆಕ್ಕ ಕೇಳುತ್ತದೆ, ಆದರೆ ಬಾಗಿಲಿಗೆ ಬಂದವರು ತಮ್ಮ ಪಾಲು ಹೇಳಲೇಬೇಕು ಎನ್ನುವುದಿಲ್ಲ. ಇದು ಇಲ್ಲೂ ಕಾನೂನಾಗಬೇಕು.

ಮೊದಲ ವರ್ಷ ಖರ್ಚಿನ ಪಾಲು ದೊಡ್ಡದಾಗಿಯೇ ಕಾಣುತ್ತದೆ. ತಿಂಗಳು ತಿಂಗಳು ಕೊಡುವ ದಾನಿಗಳು ನಿಂತರೆ ಮಾತ್ರ ಆಮೇಲೆ ಅದು ಇಳಿಯುತ್ತದೆ. ಟ್ರಸ್ಟಿಯೊಬ್ಬರು, ‘ಸರ್, ಸ್ವಲ್ಪ ಭಾಗ ಜಾಗೃತಿ ಕಾರ್ಯಕ್ರಮ ಅಂತ ತೋರಿಸೋಣ’ ಎಂದರು. ಹುಡುಗರು ಹೋಗಿದ್ದು ದೇಣಿಗೆ ಕೇಳಲು, ಜಾಗೃತಿ ಮೂಡಿಸಲು ಅಲ್ಲ. ನಮ್ಮ ಆಡಿಟರೂ ಅದನ್ನೇ ಹೇಳಿದರು. ವಿದೇಶಿ ಹಣಕ್ಕಾದರೆ ಎಫ್‌ಸಿಆರ್‌ಎಗೆ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) 2020ರಲ್ಲಿ ಬಂದ ತಿದ್ದುಪಡಿ ಆಡಳಿತ ಖರ್ಚಿನ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿದೆ. ದೇಶದೊಳಗಿನ ದೇಣಿಗೆಗೆ ಅಂಥ ಮಿತಿ ಇಲ್ಲದ ಕಾರಣ ನಾವೇ ಒಂದು ಮಿತಿ ಹಾಕಿಕೊಂಡು ಠರಾವು ಬರೆದೆವು. ಬಂದದ್ದು, ಏಜೆನ್ಸಿಗೆ ಕೊಟ್ಟದ್ದು, ಮಕ್ಕಳಿಗೆ ಉಳಿದದ್ದು, ಮೂರನ್ನೂ ಮೂರು ತಿಂಗಳಿಗೊಮ್ಮೆ ಹಾಸ್ಟೆಲ್ ಬೋರ್ಡಿನಲ್ಲಿ ಬರೆಯುತ್ತೇವೆ, ದಾನಿಗಳಿಗೆ ವಾಟ್ಸಾಪ್ ಮಾಡುತ್ತೇವೆ.

ಒಪ್ಪಂದ ನವೀಕರಿಸುವಾಗ ಇನ್ನೊಂದು ಷರತ್ತು ಸೇರಿಸಿದೆವು. ದಾನಿಗಳ ಫೋನ್ ನಂಬರ್, ಪ್ಯಾನ್ ಪಟ್ಟಿ ಟ್ರಸ್ಟಿನದ್ದು. ಕೆಲಸ ಬಿಡುವ ದಿನ ಏಜೆನ್ಸಿ ಅದನ್ನು ಅಳಿಸಿ, ಅಳಿಸಿದ್ದಕ್ಕೆ ಪತ್ರ ಬರೆದು ಕೊಡಬೇಕು. ಕೊನೆಯ ತಿಂಗಳ ಬಿಲ್ಲು ಆ ಪತ್ರ ಬಂದ ಮೇಲೆಯೇ ಪಾಸಾಗುತ್ತದೆ.