ಎಪಿಸಿ ಕಟ್ಟದೆ ಓಪನ್ ಆಕ್ಸೆಸ್: ನನ್ನ ಅನುಭವ

"ದುಡ್ಡು ಕಟ್ಟದೆ ಓಪನ್ ಆಕ್ಸೆಸ್ ಎಲ್ಲಿ ಸಿಗ್ತದೆ ಮಾರಾಯ್ರೆ?" ಎಂದು ಶಿವಮೊಗ್ಗದ ನಮ್ಮ ವಿಭಾಗದಲ್ಲಿ ಕೇಳದವರಿಲ್ಲ. ಓಪನ್ ಆಕ್ಸೆಸ್ ಎಂದರೆ ಪೇಪರನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು; ಅದಕ್ಕೆ ಲೇಖಕರಿಂದ ಕೇಳುವ ಪ್ರಕಟಣಾ ಶುಲ್ಕವೇ ಎಪಿಸಿ. ಅಡಿಕೆ ಕೊಳೆರೋಗದ ಪೇಪರಿಗೆ ಪ್ರಕಾಶಕರು ಕೇಳಿದ ಎಪಿಸಿ ಹೆಚ್ಚುಕಡಿಮೆ ಎರಡು ಲಕ್ಷ. ಪ್ರಾಜೆಕ್ಟಿನ ಕೆಮಿಕಲ್ ಖರ್ಚೇ ಅಷ್ಟಾಗಿರಲಿಲ್ಲ. ಮನ್ನಾ ಕೇಳಿದರೆ ಭಾರತ ಆ ಪಟ್ಟಿಯಲ್ಲಿಲ್ಲ ಎಂದರು. ಸರಿ, ಚಂದಾ ಕಟ್ಟಿದವರಷ್ಟೇ ಓದುವ ಜರ್ನಲ್ಲಿನಲ್ಲೇ ಬಂತು. ಮೊದಲ ವರ್ಷ ಸೈಟೇಶನ್ (ಬೇರೆ ಪೇಪರುಗಳಲ್ಲಿ ಉಲ್ಲೇಖ) ಒಂದೋ ಎರಡೋ, ಅದೂ ನಮ್ಮವರದೇ. ತೀರ್ಥಹಳ್ಳಿಯ ತೋಟಗಾರಿಕೆ ಅಧಿಕಾರಿಯೊಬ್ಬರು ಲಿಂಕ್ ಒತ್ತಿದರೆ ಮೂರು ಸಾವಿರ ರೂಪಾಯಿ ಕೇಳುವ ಪುಟ ಬಂತಂತೆ. ಸ್ಯಾಂಪಲ್ಲು ಅವರ ತಾಲ್ಲೂಕಿನ ತೋಟದ್ದೇ!

ಪ್ರಕಾಶಕರ ಹಂಚಿಕೆ ನಿಯಮಗಳನ್ನು ಪಟ್ಟಿಮಾಡುವ ಶೆರ್ಪಾ ರೋಮಿಯೋ ತಾಣದಲ್ಲಿ ನಿಯಮ ನೋಡಿ, ಎಂಬಾರ್ಗೊ (ಪ್ರಕಾಶಕರು ಹಾಕುವ ಕಾಯುವ ಅವಧಿ) ಮುಗಿದ ಮೇಲೆ ಒಪ್ಪಿಗೆಯಾದ ಹಸ್ತಪ್ರತಿಯನ್ನು ರೆಪಾಸಿಟರಿಗೆ, ಅಂದರೆ ಪೇಪರುಗಳ ಆನ್‌ಲೈನ್ ಭಂಡಾರಕ್ಕೆ, ಹಾಕಿದೆ. ಪೇಪರು ಹುಡುಕಿಕೊಡುವ ಗೂಗಲ್ ಸ್ಕಾಲರ್ ಅದನ್ನು ಮೂಸಿಯೂ ನೋಡಲಿಲ್ಲ. ಕೊಳೆತ ಕಾಯಿಗಳ ಫೋಟೋಗಳಿಂದ ಫೈಲು ಇಪ್ಪತ್ತು ಎಂಬಿ ಹತ್ತಿರ ಇತ್ತು, ಅದರ ಕಣ್ಣಿಗೆ ಬೀಳಲೆಂದು ಐದರ ಕೆಳಗಿಳಿಸಿದೆ. ಕವರ್ ಪುಟ ಕಿತ್ತು, ಮೊದಲ ಪುಟದ ನೆತ್ತಿಗೆ ದೊಡ್ಡಕ್ಷರದ ಶೀರ್ಷಿಕೆ, ಅದರ ಕೆಳಗೇ ಲೇಖಕರ ಸಾಲು ಬರುವಂತೆ ಮಾಡಿದೆ. ಒಂದೆರಡು ತಿಂಗಳಲ್ಲಿ ಹುಡುಕಿದರೆ ಸಿಗತೊಡಗಿತು. ಅನ್‌ಪೇವಾಲ್‌ನಲ್ಲಿ ಬೀಗ ಹಸಿರಾದ ದಿನ, ಅಂದರೆ ಪುಕ್ಕಟೆ ಪ್ರತಿ ಇದೆ ಎಂದು ಆ ಬ್ರೌಸರ್ ಸಾಧನ ತೋರಿಸಿದ ದಿನ, ಇಡೀ ವಿಭಾಗಕ್ಕೆ ಕಾಫಿ ಕೊಡಿಸಿದೆ.

ದತ್ತಾಂಶವನ್ನು ಝೆನೋಡೊ ಎಂಬ ಆನ್‌ಲೈನ್ ಭಂಡಾರಕ್ಕೆ ಏರಿಸಿದೆ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನವರು 2013ರಲ್ಲಿ ಶುರುಮಾಡಿದ್ದು, ಡಿಒಐ (ಬದಲಾಗದ ಆನ್‌ಲೈನ್ ಗುರುತು) ಪುಕ್ಕಟೆ. ಕನ್ನಡದ ನಾಲ್ಕು ಪುಟದ ಸಾರಾಂಶಕ್ಕೂ ಡಿಒಐ ತೆಗೆದು, ಅದರ ಕ್ಯೂಆರ್ ಕೋಡನ್ನು ಸಾಗರದಲ್ಲಿ ಮೈಲುತುತ್ತ ಮಾರುವ ಅಂಗಡಿಯೊಂದರ ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿ ನೋಡಿದೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ಹೊತ್ತಿಗೆ ಡೌನ್‌ಲೋಡ್ ಇಂಗ್ಲಿಷ್ ಪೇಪರಿನ ಮೂರು ಪಟ್ಟು! ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರೊಬ್ಬರು ಫೋನ್ ಮಾಡಿ, "ದ್ರಾವಣದಲ್ಲಿ ಅದ್ದಿದ ಕತ್ತಿ ಕೆಂಪಾಯ್ತಲ್ಲ ಸಾರ್, ಇನ್ನೆಷ್ಟು ಸುಣ್ಣ ಹಾಕ್ಲಿ?" ಎಂದರು. ಕೆಂಪು ಕೂರುವುದು ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಸುಣ್ಣದ ದ್ರಾವಣ ಬೆರೆಸಿ ಎಂದೆ. ಜರ್ನಲ್ಲಿನ ಸೈಟೇಶನ್ ಸರಾಸರಿಯನ್ನಷ್ಟೇ ಹೇಳುವ ಯಾವ ಇಂಪ್ಯಾಕ್ಟ್ ಫ್ಯಾಕ್ಟರಿನಲ್ಲಿ ಈ ಫೋನ್ ಎಣಿಕೆಗೆ ಬರುತ್ತದೆ?

ಬಡ್ತಿಯ ಅರ್ಜಿಯಲ್ಲಿ ಜರ್ನಲ್ಲಿನ ಅಂಕಕ್ಕೆ ಮಾತ್ರ ಕಾಲಂ ಇತ್ತು. ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ಸಂಶೋಧಕನನ್ನು ಅಳೆಯಬಾರದೆಂಬ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯನ್ನು, ಅದೇ ಡೋರಾ, ಮೇಲಿಟ್ಟು ಡೌನ್‌ಲೋಡ್, ದತ್ತಾಂಶದ ಮರುಬಳಕೆ, ಇಲಾಖೆಯ ಕರಪತ್ರದಲ್ಲಿ ನಮ್ಮ ಉಲ್ಲೇಖ ಎಲ್ಲವನ್ನೂ ಒಂದೇ ಪುಟದಲ್ಲಿ ಲಗತ್ತಿಸಿದೆ. ಸಮಿತಿಯವರು ಅರ್ಧ ಗಂಟೆ ಅದನ್ನೇ ಕೇಳಿದರು, ಒಪ್ಪಿದರು. ಸೈಟೇಶನ್ ಈಗ ಮೂವತ್ತರ ಆಸುಪಾಸು, ಕೇರಳದಿಂದಲೂ ಬಂದಿವೆ. ಒಟ್ಟು ಖರ್ಚು ಸ್ಟಿಕ್ಕರಿನ ಮುನ್ನೂರು-ನಾನ್ನೂರು ರೂಪಾಯಿ.

ಎರಡನೇ ಪೇಪರಿಗೆ ಎಂಬಾರ್ಗೊವನ್ನೇ ಬಿಡಿಸಿಕೊಂಡೆ. ಸಂಪಾದಕರಿಗೆ ಬರೆದ ಆ ಪತ್ರದ ಒಕ್ಕಣೆ ಸದ್ಯಕ್ಕೆ ನನ್ನಲ್ಲೇ ಇರಲಿ, ಮೂರನೆಯದೂ ಅದರಲ್ಲೇ ದಾಟಬೇಕಿದೆ.