ನೀಲಿ ಚಿತ್ರ ಮಾಸಿದ್ದು ಬೋರ್‌ವೆಲ್ ನೀರಿನಿಂದ

ಸಯನೊಟೈಪ್ ಅಂದರೆ ರಾಸಾಯನಿಕ ಬಳಿದ ಕಾಗದದ ಮೇಲೆ ಎಲೆಯಂಥದ್ದೇನಾದರೂ ಇಟ್ಟರೆ ಬಿಸಿಲಲ್ಲಿ ಮೂಡುವ ನೀಲಿ ಚಿತ್ರ, 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ನನ್ನ ನುಗ್ಗೆ ಎಲೆ ಬಿಸಿಲಲ್ಲಿ ಚೆನ್ನಾಗಿಯೇ ಮೂಡುತ್ತಿತ್ತು. ತೊಳೆಯಲು ಇಟ್ಟರೆ ಸಾಕು, ನೀಲಿ ಮಾಸಿ ಅಂಚೆಲ್ಲ ಹಳದಿ. ಬಿಸಿಲು ಸಾಲಲಿಲ್ಲವೇನೋ ಅಂದುಕೊಂಡೆ, ಆಮೇಲೆ ಕಾಗದವನ್ನು ಬೈದೆ. ನಾಲ್ಕು ಹಾಳೆ ಸುಮ್ನೆ ದಂಡ.

ಕೊನೆಗೆ ಬೋರ್‌ವೆಲ್ ನೀರಿಗೆ ಆಮ್ಲ-ಕ್ಷಾರ ಅಳೆಯುವ ಪಿಎಚ್ ಪಟ್ಟಿ ಅದ್ದಿದೆ: 8.5. ಕ್ಷಾರ ಜಾಸ್ತಿ! ಆ ನೀಲಿ ಕಬ್ಬಿಣದ ಸಂಯುಕ್ತವಾದ ಪ್ರಷ್ಯನ್ ಬ್ಲೂ. ಕ್ಷಾರ ತಗುಲಿದರೆ ಒಡೆದು ತುಕ್ಕಿನಂಥ ಹಳದಿ ಉಳಿಯುತ್ತದೆ. ಬೇಕಂತಲೇ ವಾಷಿಂಗ್ ಸೋಡಾ ಹಾಕಿ ಬಣ್ಣ ತೆಗೆಯುವವರೂ ಇದ್ದಾರೆ ಅನ್ನಿ.

ಈಗ ಮೊದಲ ಸಲ ತೊಳೆಯುವ ಒಂದು ಲೀಟರ್ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕುತ್ತೇನೆ. ಆಮೇಲೆ ಆರ್‌ಒ ನೀರು. ಎಲೆಯ ನರಗಳನ್ನೂ ಎಣಿಸಬಹುದು.