ಕೊಟೋರ್‌ನಲ್ಲಿ ಹಡಗು ನಿಂತ ದಿನ: ಮೊದಲು ಹತ್ತಿ, ಆಮೇಲೆ ಸುತ್ತಿ

ಮಾಂಟೆನೆಗ್ರೊದ ಕೊಟೋರ್‌ಗೆ ಕ್ರೂಸ್ ಹಡಗುಗಳು ಸಾಮಾನ್ಯವಾಗಿ ಬೆಳಿಗ್ಗೆ ಬಂದು ಸಂಜೆ ಹೊರಡುತ್ತವೆ. ಕೈಗೆ ಸಿಗುವುದು ಏಳೆಂಟು ಗಂಟೆ. ಅಷ್ಟರಲ್ಲಿ ಬೆಟ್ಟದ ಮೇಲಿನ ಕೋಟೆ, ಪೆರಾಸ್ಟ್‌ನ ದ್ವೀಪ, ಹಳೇ ಪಟ್ಟಣ ಮೂರನ್ನೂ ನೋಡಬಹುದು, ಆದರೆ ಇದೇ ಕ್ರಮದಲ್ಲಿ. ಪಟ್ಟಣದ ಹೆಬ್ಬಾಗಿಲು ಜೆಟ್ಟಿಯ ಎದುರಿಗೇ ಇರುವುದರಿಂದ ಹೆಚ್ಚಿನವರು ಮೊದಲು ಅಲ್ಲಿಗೇ ನುಗ್ಗುತ್ತಾರೆ. ಕಾಫಿ, ಅಂಗಡಿ, ಫೋಟೊ ಎಲ್ಲ ಮುಗಿಸಿ ಹನ್ನೊಂದರ ಬಿಸಿಲಿಗೆ ಕೋಟೆ ಹತ್ತಲು ಹೊರಡುತ್ತಾರೆ. ಅರ್ಧದಾರಿಯಲ್ಲಿ ಸುಸ್ತಾಗಿ ವಾಪಸಾಗುವವರು ಬಹುಪಾಲು ಇವರೇ.

ವೀಸಾದ ಲೆಕ್ಕ ಹಡಗು ಹತ್ತುವ ಮೊದಲೇ ಮುಗಿದಿರಬೇಕು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿ ಮಾಂಟೆನೆಗ್ರೊ ಇಲ್ಲ. ಪಕ್ಕದ ಕ್ರೊಯೇಷಿಯಾ 2023ರಿಂದ ಇದೆ. ಹಾಗಾಗಿ ಡುಬ್ರೊವ್ನಿಕ್, ಕೊಟೋರ್, ಮತ್ತೆ ಇಟಲಿ ಎಂಬಂಥ ಮಾರ್ಗದಲ್ಲಿ ವಲಯದಿಂದ ಹೊರಬಿದ್ದು ಮತ್ತೆ ಒಳಬಂದಂತಾಗುತ್ತದೆ. ವೀಸಾ ಬೇಕಾದವರು ಒಂದೇ ಪ್ರವೇಶದ ಷೆಂಗೆನ್ ವೀಸಾ ನೆಚ್ಚಿಕೊಂಡರೆ ಸಿಕ್ಕಿಬೀಳಬಹುದು. ಹಣದ ತೊಂದರೆ ಇಲ್ಲ, ಇಲ್ಲೂ ಯೂರೊ ನಡೆಯುತ್ತದೆ. ಮೊಬೈಲ್ ವಿಷಯದಲ್ಲಿ ಮಾತ್ರ ಎಚ್ಚರ: ನಿಮ್ಮ ಯುರೋಪ್ ಪ್ಯಾಕಿನ ದೇಶಗಳ ಪಟ್ಟಿಯಲ್ಲಿ ಮಾಂಟೆನೆಗ್ರೊ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಡೇಟಾ ಆಫ್ ಮಾಡಿ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಬೆಳಿಗ್ಗೆ ಹಡಗು ಕೊಲ್ಲಿಯೊಳಗೆ ಬರುವ ಹೊತ್ತಿಗೆ ಮಲಗಿರಬೇಡಿ. ಲಂಗರು ಹಾಕುವ ಒಂದೂವರೆ ಗಂಟೆ ಮುಂಚೆ ಡೆಕ್ ಮೇಲೆ, ಎಡಬದಿಯಲ್ಲಿ ನಿಂತಿರಿ. ವೆರಿಗೆ ಎಂಬ ಇಕ್ಕಟ್ಟಾದ ಜಲಸಂಧಿ ದಾಟಿದ ಕೂಡಲೇ ಪೆರಾಸ್ಟ್ ಮತ್ತು ಅದರ ಎರಡು ಪುಟ್ಟ ದ್ವೀಪಗಳು ಆ ಬದಿಗೇ ಕಾಣಿಸುತ್ತವೆ.

ಜೆಟ್ಟಿಗೆ ಎಲ್ಲ ದೊಡ್ಡ ಹಡಗುಗಳೂ ಒಟ್ಟಿಗೆ ತಾಗಲಾರವು. ಜಾಗ ಸಿಗದವು ಕೊಲ್ಲಿಯಲ್ಲೇ ನಿಂತು ಟೆಂಡರ್ ದೋಣಿಯಲ್ಲಿ ಜನರನ್ನು ಇಳಿಸುತ್ತವೆ. ನಿಮ್ಮದು ಯಾವ ಬಗೆ ಎಂಬುದನ್ನು ಹಿಂದಿನ ರಾತ್ರಿಯೇ ಕೇಳಿಕೊಳ್ಳಿ. ಟೆಂಡರ್ ಆದರೆ ಟೋಕನ್ ಕೊಡುವ ಜಾಗಕ್ಕೆ ಬೇಗ ಹೋಗಿ. ಮೊದಲ ದೋಣಿಗಳು ತಪ್ಪಿದರೆ ಬೆಳಗಿನ ಒಂದು ಗಂಟೆ ಕೈಬಿಟ್ಟಂತೆಯೇ.

ಆ ಒಂದು ಗಂಟೆಗೆ ಅಷ್ಟು ಬೆಲೆ ಯಾಕೆಂದರೆ ಕೋಟೆಯ ಬೆಟ್ಟ ಪಟ್ಟಣದ ಪೂರ್ವಕ್ಕಿದೆ. ಸೂರ್ಯ ಬೆಟ್ಟದ ಹಿಂದಿನಿಂದ ಮೇಲೇರುವ ತನಕ ಮೆಟ್ಟಿಲುಗಳೆಲ್ಲ ನೆರಳಲ್ಲಿರುತ್ತವೆ. ಆಮೇಲೆ ಬಿಸಿಲು ನೇರ ಮೈಮೇಲೆ. ದಾರಿಯಲ್ಲಿ ಮರಗಳಿಲ್ಲವೆಂದೇ ಹೇಳಬೇಕು. ಸುಮಾರು 1350 ಮೆಟ್ಟಿಲು, ಸಮುದ್ರದಿಂದ ಸುಮಾರು 260 ಮೀಟರ್ ಎತ್ತರ. ಹತ್ತಲು ಮುಕ್ಕಾಲರಿಂದ ಒಂದು ಗಂಟೆ, ಇಳಿಯಲು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಪ್ರವಾಸದ ಸೀಸನ್‌ನಲ್ಲಿ ಟಿಕೆಟ್ ಇರುತ್ತದೆ. ತಲೆಗೆ ಇಪ್ಪತ್ತು ಯೂರೊ ನಗದು ಜೇಬಿನಲ್ಲಿರಲಿ. ಒಬ್ಬರಿಗೆ ಒಂದು ಲೀಟರ್ ನೀರು ಬೇಕು. ಮೇಲೆ ಶೌಚಾಲಯ ಸಿಗುತ್ತದೆಂದು ನಂಬಬೇಡಿ, ಹಡಗಿನಲ್ಲೇ ಮುಗಿಸಿಕೊಂಡು ಹೊರಡಿ.

ಜನ ಜಾರುವುದು ಹತ್ತುವಾಗಲ್ಲ, ಇಳಿಯುವಾಗ. ದಾರಿಯ ಮಧ್ಯೆ ಉರುಟು ಕಲ್ಲು ಹಾಸಿದ ಇಳಿಜಾರಿದೆ, ಪಕ್ಕದಲ್ಲಿ ಮೆಟ್ಟಿಲು. ಸುಣ್ಣಕಲ್ಲಾದ್ದರಿಂದ ಸವೆದೂ ಸವೆದೂ ಮೆಟ್ಟಿಲಂಚು ಗಾಜಿನಂತೆ ನುಣುಪಾಗಿದೆ. ಹಿಮ್ಮಡಿಯನ್ನು ಅಂಚಿನ ಮೇಲಿಡದೆ ಪಾದವನ್ನು ಸ್ವಲ್ಪ ಓರೆಯಾಗಿ, ಪೂರ್ತಿ ಊರಿ ಇಳಿಯಿರಿ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಈ ಕೊಲ್ಲಿಯ ಸುತ್ತಮುತ್ತ ಯುರೋಪಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಿವೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಂದು ಕಲ್ಲು ಒದ್ದೆಯಾಗಿದ್ದರೆ ಹತ್ತುವ ಆಸೆ ಬಿಡುವುದೇ ಲೇಸು.

ಮಂಡಿನೋವಿನವರಿಗೂ ಒಂದು ದಾರಿಯಿದೆ. ಅರ್ಧ ಎತ್ತರದಲ್ಲಿ 1518ರ ಪುಟ್ಟ ಚರ್ಚ್ ಸಿಗುತ್ತದೆ, ಗೊಸ್ಪಾ ಒಡ್ ಜ್ದ್ರಾವ್ಲ್ಯಾ ಎಂದು ಹೆಸರು. ಅದರ ಗೋಪುರದೊಂದಿಗೆ ಕೆಂಪು ಹೆಂಚಿನ ಪಟ್ಟಣ, ಹಡಗು, ಕೊಲ್ಲಿ ಒಂದೇ ಚೌಕಟ್ಟಿಗೆ ಬರುವುದು ಅಲ್ಲಿಂದಲೇ. ತುದಿಯ ಕೋಟೆ ಹೆಚ್ಚೂಕಡಿಮೆ ಪಾಳು. ಫೋಟೊಕ್ಕಾಗಿ ಹೊರಟವರು ಚರ್ಚಿನಿಂದಲೇ ತಿರುಗಿದರೂ ನಷ್ಟವೇನಿಲ್ಲ.

ಹತ್ತಲೇ ಆಗದವರು ಟ್ಯಾಕ್ಸಿ ಹಿಡಿದು ಡುಬ್ ಎಂಬಲ್ಲಿಗೆ ಹೋದರೆ ಲೊವ್ಚೆನ್ ಬೆಟ್ಟದ ಕಡೆಗೆ ಕೇಬಲ್ ಕಾರ್ ಇದೆ. ಜೋರು ಗಾಳಿಗೆ ನಿಲ್ಲಿಸಿಬಿಡುತ್ತಾರೆ. ಓಡುತ್ತಿದೆಯೇ ಎಂದು ಕೇಳಿಯೇ ಟ್ಯಾಕ್ಸಿ ಹತ್ತಿ.

ಹತ್ತೂವರೆಗೆ ಕೆಳಗಿಳಿದರೆ ಪೆರಾಸ್ಟ್‌ಗೆ ಸಮಯ ಸರಿಯಾಗುತ್ತದೆ. ರಸ್ತೆಯಲ್ಲಿ ಸುಮಾರು 12 ಕಿ.ಮೀ., ಬಸ್ಸು ಟ್ಯಾಕ್ಸಿ ಎರಡೂ ಇವೆ. ಆದರೆ ಕೊಲ್ಲಿಯ ಅಂಚಿಗೆ ಇರುವುದು ಅದೊಂದೇ ಕಿರಿದಾದ ರಸ್ತೆ. ಜುಲೈ, ಆಗಸ್ಟ್‌ನಲ್ಲಿ ವಾಹನಗಳು ಸಾಲುಗಟ್ಟಿ ನಿಂತರೆ ಸುತ್ತುದಾರಿ ಇಲ್ಲ. ಆ ತಿಂಗಳುಗಳಲ್ಲಿ ಜೆಟ್ಟಿಯಿಂದಲೇ ದೋಣಿ ಹಿಡಿಯಿರಿ, ನಾಲ್ಕು ಕಾಸು ಹೆಚ್ಚಾದರೂ ಸರಿ. ದುಡ್ಡು ಕೊಡುವ ಮೊದಲು ದ್ವೀಪದಲ್ಲಿ ಇಳಿಸುತ್ತಾರೋ ಅಥವಾ ಸುತ್ತು ಹಾಕಿಸಿ ತರುತ್ತಾರೋ, ಎಷ್ಟು ನಿಮಿಷ ನಿಲ್ಲುತ್ತದೆ, ಪೆರಾಸ್ಟ್ ಊರಿಗೂ ಹೋಗುತ್ತದೆಯೇ, ಇದೇ ಜೆಟ್ಟಿಗೆ ಎಷ್ಟು ಗಂಟೆಗೆ ವಾಪಸು ಎಂದು ಕೇಳಿ. ‘ಎರಡು ಗಂಟೆ’ ಎಂದರೆ ಒಪ್ಪಬೇಡಿ, ಗಡಿಯಾರದ ಸಮಯ ಹೇಳಿಸಿ.

ಇಳಿಯಬೇಕಾದ್ದು ಗೊಸ್ಪಾ ಒಡ್ ಶ್ಕ್ರ್‌ಪ್ಯೆಲಾ ದ್ವೀಪಕ್ಕೆ. ಇದು ಮನುಷ್ಯರೇ ಕಲ್ಲು ಸುರಿದು, ಹಳೇ ಹಡಗು ಮುಳುಗಿಸಿ ಕಟ್ಟಿದ ದ್ವೀಪ. ಈಗಲೂ ಪ್ರತಿ ಜುಲೈ 22ರಂದು ಊರವರು ದೋಣಿಗಳಲ್ಲಿ ಕಲ್ಲು ತಂದು ಹಾಕುತ್ತಾರೆ. ಚರ್ಚಿನೊಳಗೆ ಹೋಗಲು ಭುಜ ಮುಚ್ಚಿರಬೇಕು. ಪಕ್ಕದ ಸ್ವೇತಿ ಜೋರ್ಜೆ ದ್ವೀಪಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ನೀಲಿ ಗುಹೆಗೆ ಕರೆಯುವ ಸ್ಪೀಡ್‌ಬೋಟಿನವರು ಎದುರಾಗುತ್ತಾರೆ. ಗುಹೆ ಇರುವುದು ಕೊಲ್ಲಿಯ ಬಾಯಿಯಾಚೆ; ಅಲ್ಲಿ ಅಲೆಯಿದ್ದರೆ ದೋಣಿ ಕುಕ್ಕಿ ಕುಕ್ಕಿ ಸೊಂಟ ಹಿಡಿಯುತ್ತದೆ. ಕೋಟೆ ಹತ್ತಿದ ದಿನ ಅದನ್ನು ಸೇರಿಸಬೇಡಿ.

ಮಧ್ಯಾಹ್ನಕ್ಕೆ ಹಳೇ ಪಟ್ಟಣ ಹೇಳಿ ಮಾಡಿಸಿದ ಜಾಗ: ಓಣಿಗಳು ಇಕ್ಕಟ್ಟು, ಹಾಗಾಗಿ ನೆರಳು. ಹೊಟ್ಟೆಗೆ ‘ಪೆಕರಾ’ ಎಂದು ಬೋರ್ಡಿರುವ ಬೇಕರಿಯ ಬುರೆಕ್ (ಹೂರಣ ತುಂಬಿದ ಪದರ ಪದರದ ತಿಂಡಿ) ಸಾಕು. ಮಾಂಸ ಬೇಡದವರು ಚೀಸ್ ತುಂಬಿದ್ದನ್ನು ಕೇಳಿ. 1166ರಲ್ಲಿ ಪ್ರತಿಷ್ಠಾಪಿಸಿದ ಸಂತ ಟ್ರಿಫೊನ್ ಕೆಥೆಡ್ರಲ್ ನೋಡಿ. 1195ರ ಸಂತ ಲ್ಯೂಕ್ ಚರ್ಚನ್ನು ಬಿಡಬೇಡಿ. ಅಷ್ಟು ಪುಟ್ಟ ಕಟ್ಟಡದಲ್ಲಿ ಕ್ಯಾಥೊಲಿಕ್, ಆರ್ಥಡಾಕ್ಸ್ ಎರಡು ಪೀಠಗಳಿವೆ. ದಾರಿ ತಪ್ಪಿದರೆ 1602ರ ಗಡಿಯಾರ ಗೋಪುರ ಕೇಳಿ. ಅದರ ಎದುರಿಗೇ ಸಮುದ್ರದ ಬಾಗಿಲು, ಅಂದರೆ ಜೆಟ್ಟಿಯ ಕಡೆಯ ಆ ಹೆಬ್ಬಾಗಿಲು.

ಹಡಗಿನ ಗಡಿಯಾರ ಮತ್ತು ಊರಿನ ಗಡಿಯಾರ ಒಂದೇ ಎಂದುಕೊಳ್ಳಬೇಡಿ. ಇಳಿಯುವಾಗ ಬಾಗಿಲ ಬಳಿಯ ಗಡಿಯಾರಕ್ಕೆ ನಿಮ್ಮ ಕೈಗಡಿಯಾರ ಹೊಂದಿಸಿ, ಅದನ್ನೇ ನಂಬಿ. ಫೋನ್ ತಾನಾಗಿಯೇ ಸಮಯ ಬದಲಿಸೀತು. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ಸ್ವಂತ ಸುತ್ತಾಟಕ್ಕೆ ಕಾಯುವುದಿಲ್ಲ. ಹಡಗಿನಲ್ಲಿ ದಿನವೂ ಕೊಡುವ ಕಾರ್ಯಕ್ರಮದ ಹಾಳೆಯಲ್ಲಿರುವ ಪೋರ್ಟ್ ಏಜೆಂಟರ (ಬಂದರಿನಲ್ಲಿ ಹಡಗಿನ ಪರ ಕೆಲಸ ಮಾಡುವವರ) ನಂಬರಿನ ಫೋಟೊ, ಪಾಸ್‌ಪೋರ್ಟ್ ಪ್ರತಿ, ಕ್ರೂಸ್ ಕಾರ್ಡ್ ಜೊತೆಯಲ್ಲಿರಲಿ. ಟೆಂಡರ್ ಇದ್ದ ದಿನ ಕೊನೆಯ ದೋಣಿಯ ಸಮಯಕ್ಕಿಂತ ಒಂದು ಗಂಟೆ ಮೊದಲೇ ಸಾಲಿಗೆ ಬನ್ನಿ: ಕೊನೆಯ ಅರ್ಧ ಗಂಟೆಗೆ ಎಲ್ಲರೂ ಒಟ್ಟಿಗೇ ಬರುತ್ತಾರೆ, ಆಗ ಸಾಲು ಜೆಟ್ಟಿಯ ಬಿಸಿಲಿನಲ್ಲೇ ನಿಲ್ಲುತ್ತದೆ.